ತುಂಬಿದ ಜಾಗದಲ್ಲಿ ಮನೆ: ಉಕ್ಕಿನ ಪೈಪು ಬಡಿದು ಪಾಯ ಹಾಕಿದ ಅನುಭವ

ಮಾದಾಪುರದ ಹತ್ತಿರ ರಸ್ತೆ ಬದಿಯಲ್ಲಿ ಅಮ್ಮನ ಪಾಲಿಗೆ ಬಂದ ಹನ್ನೆರಡು ಸೆಂಟ್ ಜಾಗವಿದೆ. ಅರ್ಧ ಕಡಿದದ್ದು, ಅರ್ಧ ತುಂಬಿದ್ದು. ಕೊಡಗಿನ ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಗೊತ್ತಾಗುತ್ತದೆ. ಗುಡ್ಡದ ಕಡೆಯ ಇಳಿಜಾರನ್ನು ನೆಟ್ಟಗೆ ಕಡಿದು ಬರೆ ಮಾಡುವುದು, ಆ ಮಣ್ಣನ್ನು ಕೆಳಗಿನ ಕಡೆಗೆ ತಳ್ಳುವುದು, ಅದರ ಮೇಲೆ ಜೆಸಿಬಿಯನ್ನು ನಾಲ್ಕು ಸಲ ಓಡಿಸುವುದು. ಅಲ್ಲಿಗೆ ಲೆವೆಲ್ ಆಯಿತು. 2011ರಲ್ಲಿ ಮಾವ ಹೀಗೇ ಮಾಡಿಸಿದ್ದರು. ನೋಡಲು ಕಾಫಿ ಕಣದಷ್ಟು ಸಮ.

ನಮ್ಮ ಹಳೆಯ ಮನೆ ಇದ್ದದ್ದು ಮೇಲೆ, ತೋಟದ ಒಳಗೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಆ ವಾರದಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡದ ಜಾಗದಲ್ಲೂ, ನಾವು ಬಾಣೆ ಎನ್ನುವುದು, ನೆಲ ಬಿರಿಯಿತು. ಗೋಡೆಯ ಬಿರುಕು ಎಲ್ಲಿಯವರೆಗೆ ಬಂದಿದೆ ಎಂದು ಅಮ್ಮ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆದಿದ್ದರು. 12, 14, 15. ಹದಿನಾರಕ್ಕೆ ಮನೆ ಬಿಟ್ಟೆವು. ಆಮೇಲೆ ಸುಂಟಿಕೊಪ್ಪದಲ್ಲಿ ಬಾಡಿಗೆ ಮನೆ. ಮೂರು ವರ್ಷ ಕಳೆದ ಮೇಲೆ ಅಮ್ಮ, "ಮಗಾ, ರಸ್ತೆ ಪಕ್ಕದ ಜಾಗದಲ್ಲಿ ಒಂದು ಚಿಕ್ಕ ಮನೆ ಮಾಡು, ಸಾಕು" ಎಂದರು.

ಮೊದಲು ಬಂದ ಮೇಸ್ತ್ರಿ ಜಾಗ ನೋಡಿ, "ಮೂರಡಿ ಪಾಯ ತೆಗೆದು ಸೈಜುಗಲ್ಲು ಕಟ್ಟಿದ್ರೆ ಆನೆ ಬಂದ್ರೂ ಅಲ್ಲಾಡಲ್ಲ" ಎಂದರು. ಒಪ್ಪಿಕೊಳ್ಳುವವನೇ ಇದ್ದೆ. ಆದರೆ ನಮ್ಮಿಂದ ಸ್ವಲ್ಪ ಕೆಳಗೆ ಹಾಗೇ ಕಟ್ಟಿದ ಒಂದು ಮನೆ ಇತ್ತು. ಕಡಿದ ಮಣ್ಣು ಮುಗಿದು ತುಂಬಿದ ಮಣ್ಣು ಶುರುವಾಗುವ ಜಾಗದಲ್ಲೇ, ಕಿಟಕಿಯ ಮೂಲೆಯಿಂದ ನೆಲದವರೆಗೆ ಕೈಬೆರಳು ಹೋಗುವಷ್ಟು ಬಿರುಕು. ಅರ್ಧ ಮನೆ ನಿಂತಿದೆ, ಅರ್ಧ ಮನೆ ಇಳಿಯುತ್ತಿದೆ. ಅದನ್ನು ದಿನಾ ನೋಡಿಕೊಂಡು ಹೋಗುವವನು ನಾನು. ಮಡಿಕೇರಿಯಲ್ಲಿರುವ ಒಬ್ಬರು ಎಂಜಿನಿಯರ್ ಮೇಡಂ ಹತ್ತಿರ ಹೋದೆ. ಅವರು ಪ್ಲಾನ್ ಕೇಳಲಿಲ್ಲ. "ಮೊದಲು ಮಣ್ಣು ನೋಡೋಣ, ಅದೂ ಮಳೆ ಮುಗಿದ ಕೂಡಲೇ" ಎಂದರು. ಬೇಸಿಗೆಯಲ್ಲಿ ಪರೀಕ್ಷೆ ಮಾಡಿದರೆ ನಮ್ಮ ಮಣ್ಣು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದಂತೆ.

ಹಾಗಾಗಿ 2021ರ ಅಕ್ಟೋಬರ್‌ನಲ್ಲಿ, ತಲಕಾವೇರಿಯ ತೀರ್ಥೋದ್ಭವ ಮುಗಿದ ವಾರ, ಮಣ್ಣು ನೋಡಲು ಮೂರು ಕಡೆ ಬೋರ್ ಹಾಕಿಸಿದೆವು. ಮೂರು ಕಾಲಿನ ಕಂಬ, ಒಂದು ವಿಂಚ್, 63.5 ಕೆ.ಜಿ. ತೂಕದ ಸುತ್ತಿಗೆ. ಅದನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಕೆಳಗಿನ ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕು ಎಂದು ಎಣಿಸುತ್ತಾರೆ. ಇಷ್ಟೇ ಪರೀಕ್ಷೆ. ಆದರೆ ಅದು ಹೇಳುವ ವಿಷಯ ತುಂಬಾ. ತುಂಬಿದ ಮಣ್ಣಿನಲ್ಲಿ ಮೂರು, ನಾಲ್ಕು ಏಟು. ನಾಲ್ಕೂವರೆ ಮೀಟರ್ ಆಳದಲ್ಲಿ ಎರಡೇ ಏಟು. ಅಲ್ಲಿಂದ ಮೇಲೆ ತಂದ ಕೊಳವೆಯನ್ನು ಎರಡು ಹೋಳಾಗಿ ಬಿಡಿಸಿದಾಗ ಕೆಂಪು ಮಣ್ಣಿನ ನಡುವೆ ಒಂದು ಗೇಣು ಕಪ್ಪು ಮಣ್ಣು ಇತ್ತು. ಅದರೊಳಗೆ ಒಂದು ಸಿಲ್ವರ್ ಓಕ್ ಎಲೆ. ಹಲ್ಲು ಹಲ್ಲಾಗಿ ಸೀಳಿದ ಆ ಎಲೆಯ ಆಕಾರ ಪೂರ್ತಿ ಉಳಿದಿತ್ತು. ಮುಟ್ಟಿದರೆ ತೇವ, ಮೂಗಿಗೆ ಕೊಳೆತ ಗೊಬ್ಬರದ ವಾಸನೆ.

ಅದು ಹಳೆಯ ನೆಲ. ಹತ್ತು ವರ್ಷದ ಹಿಂದೆ ಮಣ್ಣು ತುಂಬುವಾಗ ಕಸ, ಎಲೆ, ಮೇಲ್ಮಣ್ಣು ಏನನ್ನೂ ತೆಗೆಯದೆ ಅದರ ಮೇಲೇ ಸುರಿದಿದ್ದಾರೆ. ಮೇಡಂ ಆ ಎಲೆಯನ್ನು ನನ್ನ ಕೈಯಲ್ಲಿಟ್ಟು, "ಇದರ ಮೇಲೆ ನಿಮ್ಮ ಮನೆ ನಿಲ್ಲಬೇಕಿತ್ತು" ಎಂದರು.

ಅದರ ಕೆಳಗೆ ಹಳದಿ ಮಣ್ಣು, ಆಮೇಲೆ ಶೇಡಿ ಮಣ್ಣು. ಬಿಳಿ ಗುಲಾಬಿ ಬಣ್ಣದ, ಕೈಗೆ ಹಿಟ್ಟಿನ ಹಾಗೆ ಹತ್ತುವ ಮಣ್ಣು ಇದೆಯಲ್ಲ, ಅದೇ. ಒಣಗಿದ್ದಾಗ ಬರೆಯಲ್ಲಿ ನೆಟ್ಟಗೆ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಶಕ್ತಿಯೇ ಇರುವುದಿಲ್ಲ. ಗಟ್ಟಿ ಸಿಕ್ಕಿದ್ದು ಕೆಳಗಿನ ಮೂಲೆಯಲ್ಲಿ ಹತ್ತು ಮೀಟರ್ ಹತ್ತಿರ, ಗುಡ್ಡದ ಕಡೆ ಮೂರು ಮೀಟರ್‌ಗೆ. ಅಂದರೆ ನೆಲದೊಳಗಿನ ಗಟ್ಟಿ ಪದರವೂ ಗುಡ್ಡದ ಹಾಗೆ ಇಳಿಜಾರಾಗಿಯೇ ಇದೆ. ಮೇಲೆ ನಾವು ಸಮ ಮಾಡಿದ್ದು ಸುಮ್ನೆ ಕಣ್ಣಿಗೆ ಮಾತ್ರ.

ಏನೇನು ದಾರಿ ಇತ್ತು ಎಂದು ಹೇಳುತ್ತೇನೆ. ತುಂಬಿದ ಮಣ್ಣನ್ನೆಲ್ಲಾ ತೆಗೆದು, ಪದರ ಪದರವಾಗಿ ಹಾಕಿ ರೋಲರ್ ಹೊಡೆಯುವುದು ಒಂದು. ಸರಿಯಾದ ದಾರಿಯೇ. ಆದರೆ ಅಷ್ಟು ಮಣ್ಣನ್ನು ರಾಶಿ ಹಾಕಲು ನಮಗೆ ಜಾಗವಿಲ್ಲ, ಇಳಿಜಾರಿನ ಬುಡದಲ್ಲಿ ಐದು ಮೀಟರ್ ಗುಂಡಿ ತೆಗೆಯುವ ಧೈರ್ಯವೂ ಇಲ್ಲ. ಇನ್ನೊಂದು, ನೆಲ ಕೊರೆದು ಕಾಂಕ್ರೀಟ್ ತುಂಬುವ ಪೈಲ್. ಸಡಿಲ ಮಣ್ಣು, ಜೊತೆಗೆ ಒರತೆ ನೀರು. ಕೊರೆದ ತೂತು ಕಾಂಕ್ರೀಟ್ ಹಾಕುವ ಮೊದಲೇ ಒಳಗೆ ಕುಸಿಯುತ್ತದೆ. ಅದನ್ನು ತಡೆಯಲು ಬೇರೆ ಏರ್ಪಾಡು ಬೇಕು, ದೊಡ್ಡ ಯಂತ್ರ ಬೇಕು. ನಮ್ಮ ದಾರಿಯಲ್ಲಿ ಪಿಕಪ್ ತಿರುಗಿಸುವುದೇ ಕಷ್ಟ.

ಮೇಡಂ ಆರಿಸಿದ್ದು ಉಕ್ಕಿನ ಪೈಪು. ಆರಿಂಚಿನ ದಪ್ಪ ಗೋಡೆಯ ಪೈಪಿನ ತುದಿಗೆ ಉಕ್ಕಿನ ತಟ್ಟೆ ಬೆಸೆದು ಮುಚ್ಚುವುದು, ಗಟ್ಟಿ ಸಿಗುವ ತನಕ ನೆಲಕ್ಕೆ ಬಡಿಯುವುದು, ಆಮೇಲೆ ಒಳಗೆ ಕಂಬಿ ಇಳಿಸಿ ಕಾಂಕ್ರೀಟ್ ತುಂಬುವುದು. ಮಣ್ಣು ಹೊರಗೆ ಬರುವುದಿಲ್ಲ, ತೂತು ಕುಸಿಯುವ ಮಾತೇ ಇಲ್ಲ. ಚಿಕ್ಕ ಹಿಟಾಚಿ ಸಾಕು. ಬಂಡೆ ಒಡೆಯುವ ಬ್ರೇಕರ್ ಇರುತ್ತದಲ್ಲ, ಅದರ ಉಳಿ ತೆಗೆದು, ಪೈಪಿನ ತಲೆಗೆ ಕೂರುವ ಒಂದು ಉಕ್ಕಿನ ಟೋಪಿ ಮಾಡಿಸಿದರು. ನಮ್ಮ ಸುತ್ತಮುತ್ತ ಮನೆಗೆ ಈ ಕೆಲಸ ಮಾಡಿಸಿದವರನ್ನು ನಾನು ನೋಡಿರಲಿಲ್ಲ. ಹೆದರಿಕೆ ಇತ್ತು.

ನಾನು ಕೇಳಿದ ಮೊದಲ ಪ್ರಶ್ನೆ ತುಕ್ಕಿನದು. ವರ್ಷ ಬಿಟ್ಟು ವರ್ಷ ತೋಟಕ್ಕೆ ಸುಣ್ಣ ಹಾಕುವ ನಮಗೆ ಮಣ್ಣು ಹುಳಿ ಎಂದು ಯಾರೂ ಹೇಳಬೇಕಿಲ್ಲ. ಹುಳಿ ಮಣ್ಣು, ಮೇಲಿಂದ ವರ್ಷಕ್ಕೆ ನೂರಿಂಚು ದಾಟುವ ಮಳೆ. ಕಬ್ಬಿಣ ಎಷ್ಟು ದಿನ ಉಳಿದೀತು? ಅವರು ಲೆಕ್ಕ ಬಿಡಿಸಿ ತೋರಿಸಿದರು. ಪೈಪು ಪೂರ್ತಿ ತುಕ್ಕು ಹಿಡಿದು ಹೋದರೂ ಒಳಗಿನ ಕಾಂಕ್ರೀಟ್ ಮತ್ತು ಕಂಬಿಯೇ ಭಾರ ಹೊರುವ ಹಾಗೆ ಲೆಕ್ಕ ಹಾಕಿದ್ದರು. ಪೈಪು ಅಚ್ಚು ಮಾತ್ರ. ತುಕ್ಕು ಜಾಸ್ತಿ ಹಿಡಿಯುವುದು ನೀರು ಏರಿ ಇಳಿಯುವ, ಗಾಳಿ ಸಿಗುವ ಮೇಲಿನ ಭಾಗಕ್ಕೆ. ಆ ಭಾಗಕ್ಕೆ ಡಾಂಬರಿನ ಲೇಪ ಕೊಡಿಸಿದರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ನನ್ನ ತಲೆಗೆ ಹೊಳೆಯುತ್ತಲೇ ಇರಲಿಲ್ಲ. ತುಂಬಿದ ಮಣ್ಣು ಇನ್ನೂ ಇಳಿಯುತ್ತಿದೆ. ಇಳಿಯುವಾಗ ಅದು ಪೈಪನ್ನು ಹಿಡಿದುಕೊಂಡು ತನ್ನ ಜೊತೆ ಕೆಳಗೆ ಎಳೆಯುತ್ತದೆ. ಅಂದರೆ ಮೇಲಿನ ನಾಲ್ಕೂವರೆ ಮೀಟರ್ ಮಣ್ಣು ಪೈಲಿಗೆ ಆಸರೆ ಅಲ್ಲ, ಹೊರೆ. ಆ ಹೊರೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಡಾಂಬರು ಇದ್ದರೆ ಮಣ್ಣಿನ ಹಿಡಿತ ಸ್ವಲ್ಪ ಜಾರುತ್ತದೆ.

ಕಾಫಿ ಕೊಯ್ಲು ಮುಗಿಸಿ 2022ರ ಫೆಬ್ರವರಿಯಲ್ಲಿ ಕೆಲಸ ಶುರು ಮಾಡಿದೆವು. ಮಳೆಗಾಲದಲ್ಲಿ ಇದನ್ನು ಮಾಡಲೇಬಾರದು. ನೀರು ತುಂಬಿದ ಇಳಿಜಾರನ್ನು ನಾವೇ ಅದುರಿಸಿದ ಹಾಗಾಗುತ್ತದೆ. ಬಡಿಯುವ ಮೊದಲು ಅಕ್ಕಪಕ್ಕದ ಎರಡು ಮನೆಗಳ ಗೋಡೆಯ ಫೋಟೋ ತೆಗೆದು, ಇದ್ದ ಬಿರುಕುಗಳ ಮೇಲೆ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿದೆವು. ಗಾಜು ಒಡೆದರೆ ಬಿರುಕು ಹಿಗ್ಗಿದೆ ಎಂದರ್ಥ. ಆ ಮನೆಯವರ ಮುಂದೆಯೇ ಮಾಡಿದ್ದರಿಂದ ಮನಸ್ತಾಪ ಬರಲಿಲ್ಲ. ಗಾಜೂ ಒಡೆಯಲಿಲ್ಲ.

ಒಟ್ಟು 22 ಪೈಲ್ ಎಂದು ಲೆಕ್ಕ. ಒಂದೊಂದಕ್ಕೆ 8 ಟನ್ ಭಾರ. ಗಟ್ಟಿ ಇರುವ ಗುಡ್ಡದ ಕಡೆಗೂ ಪೈಲ್ ಯಾಕೆ, ಅಲ್ಲಿ ಕಲ್ಲಿನ ಪಾಯ ಸಾಕಲ್ವಾ ಎಂದು ಭಾವ ಕೇಳಿದರು. ಒಂದೇ ಮನೆ ಎರಡು ತರಹದ ಕಾಲಿನ ಮೇಲೆ ನಿಂತರೆ ಎರಡು ತರಹ ಇಳಿಯುತ್ತದೆ, ಕೆಳಗಿನ ಮನೆಯ ಬಿರುಕು ಬಂದದ್ದೇ ಹಾಗೆ ಎಂದರು ಮೇಡಂ. ಕೆಳಗಿನ ಅಂಚಿನ ನಾಲ್ಕು ಪೈಲ್‌ಗಳನ್ನು ಸ್ವಲ್ಪ ಓರೆಯಾಗಿ ಬಡಿಯಬೇಕು ಎಂದೂ ಹೇಳಿದರು. ಇಷ್ಟು ಸಪೂರದ ಪೈಲು ನೇರ ಭಾರ ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ತಳ್ಳಿದರೆ ಬಾಗುತ್ತದೆ.

ನನ್ನ ಕೆಲಸ ಬರೆಯುವುದು. ಪೈಪಿನ ಮೇಲೆ ಅರ್ಧ ಅರ್ಧ ಮೀಟರಿಗೆ ಸೀಮೆಸುಣ್ಣದ ಗೆರೆ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಇಳಿಯಲು ಎಷ್ಟು ಸೆಕೆಂಡ್ ಎಂದು ಅಕ್ಕನ ಮಗ ಮೊಬೈಲ್ ನೋಡಿ ಕೂಗುವುದು, ನಾನು ಬರೆದುಕೊಳ್ಳುವುದು. ಬರೆದದ್ದು ಅಪ್ಪನ ಮಳೆ ಪುಸ್ತಕದ ಖಾಲಿ ಹಾಳೆಗಳಲ್ಲಿ. ಅಪ್ಪ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಿದ್ದರು. ಅವರು ಹೋದ ಮೇಲೆ ಆ ಪುಸ್ತಕದ ಅರ್ಧ ಹಾಗೇ ಉಳಿದಿತ್ತು.

ಕೆಳಗಿನ ಸಾಲಿನ ಮೊದಲ ಪೈಪಿನ ಲೆಕ್ಕ ಹೀಗಿದೆ. ತುಂಬಿದ ಮಣ್ಣಿನಲ್ಲಿ ಅರ್ಧ ಮೀಟರಿಗೆ 4 ಸೆಕೆಂಡ್, 5 ಸೆಕೆಂಡ್. ನಾಲ್ಕೂವರೆ ಮೀಟರ್ ಹತ್ತಿರ 2 ಸೆಕೆಂಡ್. ಅದೇ ಕಪ್ಪು ಪದರ, ಬೋರಿನಲ್ಲಿ ಕಂಡ ಆಳದಲ್ಲೇ. ಶೇಡಿಯಲ್ಲಿ 15, 18, 22. ಒಂಬತ್ತು ಮೀಟರ್ ದಾಟಿದ ಮೇಲೆ 40, 70. ಆಮೇಲೆ ಪೈಪು ಇಳಿಯುವುದು ಕಣ್ಣಿಗೆ ಕಾಣುವುದು ನಿಂತಿತು. 50 ಸೆಕೆಂಡ್ ಬಡಿದರೂ 25 ಮಿ.ಮೀ. ಗಿಂತ ಕಡಿಮೆ ಇಳಿದರೆ ನಿಲ್ಲಿಸಬಹುದು ಎಂದು ಮೇಡಂ ಗುರುತು ಕೊಟ್ಟಿದ್ದರು. ಅಲ್ಲಿಗೆ ನಿಲ್ಲಿಸಿ, ಮರುದಿನ ಮತ್ತೆ ಬಡಿದು ನೋಡಿದೆವು. ಇದು ಬಿಡಬಾರದ ಹೆಜ್ಜೆ. ಬಡಿಯುವಾಗ ಸುತ್ತಲಿನ ಮಣ್ಣಿನ ನೀರಿನ ಒತ್ತಡ ಏರುತ್ತದೆ, ಒಂದು ರಾತ್ರಿ ಬಿಟ್ಟರೆ ಇಳಿಯುತ್ತದೆ. ಸಾಮಾನ್ಯವಾಗಿ ಹಿಡಿತ ಹೆಚ್ಚುತ್ತದೆ. ಆದರೆ ಶಿಥಿಲವಾದ ಬಂಡೆಯಲ್ಲಿ ಒಮ್ಮೊಮ್ಮೆ ಸಡಿಲವೂ ಆಗುತ್ತದೆ. ಬಡಿದು ನೋಡದೆ ಗೊತ್ತಾಗುವುದಿಲ್ಲ.

ಎರಡನೇ ದಿನ ಏಳನೇ ಪೈಪು ಎರಡು ಮೀಟರಿಗೇ ನಿಂತಿತು. "ಗಟ್ಟಿ ಸಿಕ್ತು ಅಣ್ಣ, ಇದಕ್ಕೆ ಪೈಪ್ ಉಳೀತು" ಎಂದು ಆಪರೇಟರ್ ಖುಷಿಯಲ್ಲಿ ಹೇಳಿದ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು, ಉಳಿಯುವುದು ನನ್ನ ದುಡ್ಡಲ್ವಾ. ಮೇಡಂ ಪುಸ್ತಕ ತೆಗೆದುಕೊಂಡು ಅಕ್ಕಪಕ್ಕದ ಎರಡು ಪೈಪಿನ ಲೆಕ್ಕ ನೋಡಿದರು. ಎರಡೂ ಒಂಬತ್ತು ಮೀಟರ್ ಇಳಿದಿದ್ದವು. "ನಡುವೆ ಮಾತ್ರ ಎರಡು ಮೀಟರಿಗೆ ಬಂಡೆ ಎದ್ದು ಬರಲು ಸಾಧ್ಯವಿಲ್ಲ. ಇದು ಮಣ್ಣಿನ ಜೊತೆ ಬಂದ ಕಲ್ಲು. ತೆಗೆಯಿರಿ." ಸರಪಳಿ ಕಟ್ಟಿ ಎಳೆದೆವು. ಪೈಪಿನ ತುದಿ ಜಗಿದು ಉಗಿದ ಕಬ್ಬಿನ ಹಾಗೆ ಮಡಚಿ ಹೋಗಿತ್ತು. ಕೆಳಗೆ ದೊಡ್ಡ ಗುಂಡುಕಲ್ಲು, ಅದರ ಅಡಿಯಲ್ಲಿ ಮತ್ತೆ ಏಳು ಮೀಟರ್ ಮೆತ್ತನೆ ಮಣ್ಣು. ಅದರ ಮೇಲೆ ಮನೆಯ ಮೂಲೆ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಕಲ್ಲಿನ ಎರಡು ಪಕ್ಕ ಎರಡು ಪೈಪು ಬಡಿದು, ಮೇಲೆ ತೊಲೆ ಕಟ್ಟಿ ದಾಟಿಸಿದರು. ಗಟ್ಟಿ ಸಿಕ್ಕಿತು ಎಂದು ಕೇಳಿದ ಕೂಡಲೇ ನಂಬಬೇಡಿ. ಪಕ್ಕದ ಪೈಪು ಏನು ಹೇಳುತ್ತದೆ ನೋಡಿ.

ಮೂರನೇ ದಿನದ್ದು ನಮ್ಮದೇ ಅವಸರದ ಫಲ. ಪೈಪು ಬರುವುದು ಆರು ಮೀಟರ್ ಉದ್ದ, ಅದಕ್ಕಿಂತ ಆಳಕ್ಕೆ ಇನ್ನೊಂದು ತುಂಡು ಬೆಸೆಯಬೇಕು. ಬೆಳಿಗ್ಗೆ ಮಂಜು ಇತ್ತು. ಪೈಪಿನ ಮೇಲೆ ನೀರಿನ ಹನಿ. ಒರೆಸಿ, ಬೆಸೆದು, ಬಿಸಿ ಆರುವ ಮೊದಲೇ ಬಡಿಯಲು ಶುರು ಮಾಡಿದರು. ಬಿಸಿ ಬೆಸುಗೆ ತಣ್ಣನೆ ಒದ್ದೆ ಮಣ್ಣಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು. ಅದುವರೆಗೆ ಗಂಟೆಯ ಹಾಗೆ ಕೇಳುತ್ತಿದ್ದದ್ದು ಒಮ್ಮೆಲೇ ಒಡೆದ ಮಡಕೆಯ ಹಾಗೆ ಆಯಿತು, ಪೈಪು ಸರ್ರನೆ ಇಳಿಯಿತು. ಎಲ್ಲರೂ ಸುಮ್ಮನಾದೆವು.

ಮೇಡಂ ತಮ್ಮ ಬ್ಯಾಗಿನಿಂದ ಒಂದು ಚಿಕ್ಕ ಕನ್ನಡಿ ತೆಗೆದರು. ಮುಖ ನೋಡುವ ಸಾಧಾರಣ ಕನ್ನಡಿ. ಬಿಸಿಲನ್ನು ಅದರಲ್ಲಿ ಹಿಡಿದು ಪೈಪಿನ ಒಳಗೆ ಬಿಟ್ಟರು. ನಾನೂ ಬಗ್ಗಿ ನೋಡಿದೆ. ಟಾರ್ಚಿಗಿಂತ ಎಷ್ಟೋ ಚೆನ್ನಾಗಿ ಕಾಣುತ್ತದೆ. ಉದ್ದಕ್ಕೂ ಹೊಳೆಯುವ ಗೋಡೆ, ಅದರಲ್ಲಿ ಒಂದು ಕಡೆ ಕತ್ತಿಯಿಂದ ಗೀರಿದ ಹಾಗೆ ಕಪ್ಪು ಬಾಯಿ, ಅಲ್ಲಿಂದ ಕೆಸರು ನೀರು ತೊಟ್ಟಿಕ್ಕುತ್ತಿದೆ. ಆ ಪೈಪನ್ನು ಬಿಟ್ಟು ಪಕ್ಕದಲ್ಲಿ ಬೇರೆ ಬಡಿದೆವು. 22 ಇದ್ದದ್ದು 24 ಆಯಿತು. ಅಲ್ಲಿಂದ ಮುಂದೆ ಪ್ರತಿ ಜೋಡಣೆಗೂ ಒಳಗೆ ಒಂದು ಗೇಣಿನ ಒಳಕೊಳವೆ, ಅಂಚು ಓರೆಯಾಗಿ ಉಜ್ಜುವುದು, ಎರಡು ಸುತ್ತು ಬೆಸುಗೆ, ಮೇಲೆ ಟಾರ್ಪಾಲು. ಕೈಯಿಟ್ಟು ನೋಡಿ ಆರಿದ ಮೇಲೆಯೇ ಹಿಟಾಚಿಗೆ ಸನ್ನೆ. ಕಾಂಕ್ರೀಟ್ ಹಾಕುವ ಮೊದಲು ಪ್ರತಿಯೊಂದಕ್ಕೂ ಕನ್ನಡಿ. ತಳದ ತಟ್ಟೆ ಒಣಗಿ ಕಂಡರೆ ಮಾತ್ರ ಮುಂದಿನ ಕೆಲಸ.

ಭಾರದ ಪರೀಕ್ಷೆ ಮಾಡಿದ್ದು ಮೊದಲ ಪೈಲಿನ ಮೇಲೆ, ಕಾಂಕ್ರೀಟ್ ಗಟ್ಟಿಯಾದ ಮೇಲೆ. 8 ಟನ್ನಿಗೆ ಒಂದೂವರೆ ಪಟ್ಟು, ಅಂದರೆ 12 ಟನ್ ಒತ್ತಬೇಕು. ಒತ್ತಲು ಮೇಲೆ ಅದಕ್ಕಿಂತ ಜಾಸ್ತಿ ತೂಕ ಬೇಕು. ತೊಲೆಗಳ ಮೇಲೆ 300 ಚೀಲ ಮರಳು ಪೇರಿಸಿದೆವು. ತೋಟದ ಆಳುಗಳೆಲ್ಲಾ ಸೇರಿ ಒಂದು ದಿನದ ಕೆಲಸ. ನಡುವೆ ಜಾಕ್, ಪಕ್ಕದಲ್ಲಿ ಗಡಿಯಾರದ ಹಾಗಿರುವ ಅಳತೆ. ಅದರ ಒಂದು ಗೆರೆ ಮಿಲಿಮೀಟರಿನ ನೂರನೇ ಒಂದು ಭಾಗ. ಪಕ್ಕದಲ್ಲಿ ಯಾರಾದರೂ ನಡೆದರೂ ಮುಳ್ಳು ಅಲ್ಲಾಡುತ್ತಿತ್ತು. 12 ಮಿ.ಮೀ. ವರೆಗೆ ಇಳಿಯಬಹುದು ಎಂದು ಲೆಕ್ಕ. ನಮ್ಮದು 4 ಮಿ.ಮೀ. ಚಿಲ್ಲರೆ ಇಳಿಯಿತು, ಭಾರ ಬಿಟ್ಟಾಗ ಅರ್ಧಕ್ಕಿಂತ ಜಾಸ್ತಿ ಮೇಲೆ ಬಂತು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಮಿಲಿಮೀಟರ್ ಎಲ್ಲಾ ಅವರಿಗೆ ಬೇಡ. "ಇಳೀಲಿಲ್ಲ ಅಲ್ವಾ?" ಎಂದರು. ಇಲ್ಲ ಎಂದೆ.

ಅತಿ ಗಿಡ್ಡ ಪೈಲ್ 3.2 ಮೀಟರ್, ಅತಿ ಉದ್ದದ್ದು 11.4. ಎಲ್ಲದರ ತಲೆ ಸೇರಿಸಿ ಪ್ಲಿಂತ್ ಬೀಮ್, ಅಂದರೆ ಗೋಡೆಯ ಬುಡದ ಕಾಂಕ್ರೀಟ್ ತೊಲೆ. ಮನೆ ಒಂದೇ ಅಂತಸ್ತು, ಮಾಡು ಹಂಚಿನದ್ದು, ಭಾರ ಕಡಿಮೆ ಇರಲಿ ಎಂದು. ಒಂದು ವಿಷಯ ಮಾತ್ರ ಎಷ್ಟು ಒತ್ತಿ ಹೇಳಿದರೂ ಕಡಿಮೆ. ಮನೆಯ ಒಳನೆಲವನ್ನು ಮಣ್ಣಿನ ಮೇಲೆ ಹಾಕಬೇಡಿ. ಗೋಡೆ ಪೈಲಿನ ಮೇಲೆ ನಿಂತು ನೆಲ ಮಾತ್ರ ತುಂಬಿದ ಮಣ್ಣಿನ ಮೇಲೆ ಕೂತರೆ, ಗೋಡೆ ಇದ್ದಲ್ಲೇ ಇದ್ದು ನೆಲ ಇಳಿದುಹೋಗುತ್ತದೆ. ನಮ್ಮಲ್ಲಿ ನೆಲವೂ ಸ್ಲ್ಯಾಬ್, ಬೀಮಿನಿಂದ ಬೀಮಿಗೆ. ಖರ್ಚು ಜಾಸ್ತಿಯಾಯಿತು. ಕಲ್ಲಿನ ಪಾಯಕ್ಕೆ ಮೇಸ್ತ್ರಿ ಹೇಳಿದ್ದಕ್ಕಿಂತ ಎರಡೂವರೆ ಪಟ್ಟು ಖರ್ಚಾಯಿತು. ಮನೆಯ ಎರಡು ಕೋಣೆ ಕಡಿಮೆ ಮಾಡಿ ಆ ದುಡ್ಡು ಹೊಂದಿಸಿದೆವು.

ಇನ್ನೊಂದು ಮಾತು, ಇದನ್ನು ಓದಿ ಯಾರೂ ತಪ್ಪು ತಿಳಿಯಬಾರದು ಎಂದು ಹೇಳುತ್ತಿದ್ದೇನೆ. ಈ ಪೈಲ್ ಮನೆಯ ಭಾರವನ್ನು ಗಟ್ಟಿಗೆ ಮುಟ್ಟಿಸುತ್ತದೆ ಅಷ್ಟೆ. ಗುಡ್ಡವೇ ಜಾರಿದರೆ ಆರಿಂಚಿನ ಪೈಪು ತಡೆಯುವುದಿಲ್ಲ. ನಮ್ಮ ಹಳೆಯ ಮನೆಯ ಜಾಗಕ್ಕೆ ಇದೇ ಪೈಲ್ ಹಾಕಿ ಕಟ್ಟಬಹುದಾ ಎಂದು ಕೇಳಿದ್ದೆ. ಮೇಡಂ ಹೋಗಿ ಬಾಣೆಯ ಬಿರುಕು ನೋಡಿ ಬಂದು, ಬೇಡ ಎಂದರು. ಎರಡನೇ ಸಲ ಕೇಳಲಿಲ್ಲ. ಹೊಸ ಜಾಗದಲ್ಲೂ ನೀರಿನ ಕೆಲಸವೇ ಮೊದಲು ಆದದ್ದು. ಬರೆಯ ಮೇಲೆ ಉದ್ದಕ್ಕೆ ಚರಂಡಿ, ಅದರ ನೀರು ನೇರ ತೋಡಿಗೆ. ಮೇಲಿನ ತೋಟದಲ್ಲಿ ನೀರು ಇಂಗಲು ತೆಗೆದಿದ್ದ ತೊಟ್ಟಿಲು ಗುಂಡಿಗಳಲ್ಲಿ ಮನೆಯ ನೇರಕ್ಕೆ ಬರುವಷ್ಟನ್ನು ಮುಚ್ಚಿಸಿದೆವು. ಕಾಫಿಗೆ ಒಳ್ಳೆಯದು, ಆದರೆ ಬರೆಯ ತಲೆಯ ಮೇಲೆ ನೀರು ಇಂಗಿಸುವುದು ಒಳ್ಳೆಯದಲ್ಲ.

ಮನೆ ಆಗಿ ಮೂರು ಮಳೆಗಾಲ ಕಳೆದಿದೆ. ಪ್ರತಿ ವರ್ಷ ಸೆಪ್ಟೆಂಬರಿನ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ನಾಲ್ಕು ಮೂಲೆ ನೋಡುತ್ತೇವೆ. ನೀರು ಹಳೆಯ ಗೆರೆಗೇ ನಿಲ್ಲುತ್ತದೆ. ಮನೆಯ ಕೆಳಗಿನ ಮಣ್ಣು ಮಾತ್ರ ಇಳಿದಿದೆ. ಕೆಳಗಿನ ಮೂಲೆಯಲ್ಲಿ ಬೀಮಿನ ಅಡಿಗೆ ನಾಲ್ಕು ಬೆರಳು ಸೇರಿಸಿ ಕೈ ಹಾಕಬಹುದು, ಗುಡ್ಡದ ಕಡೆ ಕಾಗದವೂ ಹೋಗುವುದಿಲ್ಲ. ಹಾವು ಸೇರದ ಹಾಗೆ ಆ ಸಂದಿಗೆ ಸಿಮೆಂಟ್ ಇಲ್ಲದೆ ಕಲ್ಲು ಜೋಡಿಸಿದ್ದೇವೆ. ಮಣ್ಣು ಇನ್ನೂ ಇಳಿದರೆ ಕಲ್ಲು ಜೊತೆಗೆ ಇಳಿಯಲಿ ಎಂದು. ಬಚ್ಚಲಿನಿಂದ ಹೊರಗೆ ಹೋಗುವ ಪೈಪಿನ ಒಂದು ಜಾಯಿಂಟನ್ನು ಇಳಿಯುವ ಮಣ್ಣು ಎಳೆಯುತ್ತಿದೆ. ಅದನ್ನು ಬೀಮಿಗೆ ನೇತುಹಾಕುವ ಹಾಗೆ ಬದಲಿಸಬೇಕು. ಕಾಫಿ ಹೂ ಬಿಡಿಸುವ ಬೇಸಿಗೆಯ ಮೊದಲ ಮಳೆ, ಹೂಮಳೆ, ಬರುವ ಮೊದಲು ಮಾಡಿಸುತ್ತೇವೆ.